ನನ್ನ ಮನಸ್ಸೇ ಗಟ್ಟಿ ಇಲ್ಲವಾ, ಅಥವಾ ಕೆಲಸವೇ ಹೀಗಾ?

ಪ್ರಶ್ನೆ (ಪ್ಯಾಕಿಂಗ್ ಕೆಲಸದವಳು):
ನಾನು ಒಂದು ಗೋದಾಮಿನಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಪ್ಯಾಕಿಂಗ್ ಮಾಡುತ್ತೇನೆ. ನಾಳೆ ಯಾವ ಶಿಫ್ಟ್ ಅನ್ನೋದು ಹಿಂದಿನ ರಾತ್ರಿ ಮೆಸೇಜ್ ಬಂದ ಮೇಲೇ ಗೊತ್ತಾಗುವುದು. ಕೈಯಲ್ಲಿರುವ ಸ್ಕ್ಯಾನರ್ ನಾನು ಎಷ್ಟು ಹೊತ್ತು ಸುಮ್ಮನೆ ನಿಂತೆ ಅಂತ ಲೆಕ್ಕ ಇಡುತ್ತದೆ. ಬಾತ್‌ರೂಮಿಗೆ ಹೋದದ್ದೂ ಅದರಲ್ಲೇ ಸೇರುತ್ತದೆ. ಈಗೀಗ ಮೆಸೇಜಿನ ಸದ್ದು ಕೇಳಿದರೆ ಎದೆ ಡವಡವ ಅನ್ನುತ್ತದೆ. ನಿದ್ದೆ ಇಲ್ಲ. ಮಕ್ಕಳ ಮೇಲೆ ಸುಮ್ಸುಮ್ನೆ ರೇಗುತ್ತೇನೆ. ಡಾಕ್ಟರ್ ಮಾತ್ರೆ ಕೊಟ್ಟು, "ಟೆನ್ಷನ್ ಮಾಡ್ಕೋಬೇಡಿ, ದಿನಾ ಒಂದೇ ಹೊತ್ತಿಗೆ ಮಲಗಿ" ಅಂದರು. ಯಾವಾಗ ಮಲಗಬೇಕು ಅನ್ನೋದು ನನ್ನ ಕೈಲಿಲ್ಲವಲ್ಲ! ಅದೇ ಕಂಪನಿಯ ಆಫೀಸಿನವರು ಸುಸ್ತಾದರೆ ರಜೆ ಹಾಕುತ್ತಾರೆ. ನಾವು ಮನೆಯಲ್ಲಿ ಉಳಿದರೆ ಆ ದಿನದ ಕೂಲಿ ಹೋಯಿತು. ಈ ಕೆಲಸ ಯಾರನ್ನಾದರೂ ಹೀಗೇ ಮಾಡುತ್ತದಾ?

ಉತ್ತರ (ಲೆಕ್ಕಿಗ):
ಟೆನ್ಷನ್ ಎಲ್ಲರಿಗೂ ಇದೆ. ಜವಾಬ್ದಾರಿ ಹೊತ್ತ ಮೇಲಿನವರಿಗಂತೂ ಇನ್ನೂ ಜಾಸ್ತಿ. ಧ್ಯಾನ ಮಾಡಿ ನೋಡಿ, ನನಗೆ ಅನುಕೂಲ ಆಗಿದೆ.

ಉತ್ತರ (ಕಾರ್ಖಾನೆ ನರ್ಸ್):
ಧ್ಯಾನ ಬೇಡ ಅನ್ನುವುದಿಲ್ಲ. ಆದರೆ ಮೇಲಿನವರಿಗೇ ಜಾಸ್ತಿ ಅನ್ನುವ ಮಾತು ಒಪ್ಪಲಾರೆ. 1985ರಲ್ಲಿ ಲಂಡನ್ನಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸರ್ಕಾರಿ ನೌಕರರ ಆರೋಗ್ಯದ ಅಧ್ಯಯನ ಶುರುವಾಯಿತು. ಎರಡನೇ ವೈಟ್‌ಹಾಲ್ ಅಧ್ಯಯನ ಅಂತಾರೆ. ಅವರನ್ನು ವರ್ಷಗಟ್ಟಲೆ ಗಮನಿಸಿದಾಗ, ಕೆಲಸದ ಒತ್ತಡ ಜಾಸ್ತಿ ಇದ್ದವರಲ್ಲಿ, ಪಟ್ಟ ಶ್ರಮಕ್ಕೆ ತಕ್ಕದ್ದು ಸಿಗದವರಲ್ಲಿ ಮಾನಸಿಕ ತೊಂದರೆ ಹೆಚ್ಚು ಕಂಡಿತು. ತಮ್ಮ ಕೆಲಸದ ಬಗ್ಗೆ ತಾವೇ ತೀರ್ಮಾನಿಸುವ ಅವಕಾಶ ಇದ್ದವರಲ್ಲಿ ಕಡಿಮೆ. ಅಮೆರಿಕದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲೇ ಇದನ್ನು ಹೇಳಿದ್ದರು: ಕೆಲಸದ ಹೊರೆ ಜಾಸ್ತಿ, ಹಿಡಿತ ಕಡಿಮೆ, ಇವೆರಡೂ ಸೇರಿದಾಗಲೇ ಮನುಷ್ಯ ಹೆಚ್ಚು ಕುಗ್ಗುವುದು. ನಿಮ್ಮ ಸ್ಕ್ಯಾನರ್, ನಿಮ್ಮ ಮೆಸೇಜ್, ಎರಡೂ ಅದೇ ಅಲ್ವಾ? ನಿಮ್ಮ ಮನಸ್ಸು ಗಟ್ಟಿಯಾಗಿಯೇ ಇದೆ.

ಶಿಫ್ಟ್ ಬದಲಾಗುತ್ತಿರುವುದನ್ನು ಡಾಕ್ಟರಿಗೆ ಬಿಡಿಸಿ ಹೇಳಿ. ರಾತ್ರಿ ಪಾಳಿ ಇದ್ದಾಗ ಮಾತ್ರೆ ಯಾವಾಗ ತಗೋಬೇಕು ಅಂತ ಕೇಳಿ. ನೀವಾಗಿಯೇ ನಿಲ್ಲಿಸಬೇಡಿ. ಬದುಕುವುದೇ ಬೇಡ ಅನ್ನಿಸಿದರೆ ಅವತ್ತೇ ಹೋಗಿ ಕಾಣಿ, ದಯವಿಟ್ಟು.

ಉತ್ತರ (ಹಳೇ ಫಿಟ್ಟರ್):
ಕೆಲಸ ಬಿಟ್ಟುಬಿಡಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇರೆ ಕೆಲಸ ಕೈಗೆ ಸಿಗುವವರೆಗೆ ಬಿಡಬೇಡಿ ತಂಗಿ. ನಮ್ಮ ಕಾರ್ಖಾನೆ ಮುಚ್ಚಿದಾಗ ಬೆಳಿಗ್ಗೆ ಏಳಲು ಕಾರಣವೇ ಇರಲಿಲ್ಲ. ಆಸ್ಟ್ರಿಯಾದ ಮರಿಯೆಂಥಾಲ್ ಅನ್ನೋ ಊರಲ್ಲಿ 1930ರ ಸುಮಾರಿಗೆ ಇದ್ದ ಒಂದೇ ಕಾರ್ಖಾನೆ ಮುಚ್ಚಿತು. ಬೇಕಾದಷ್ಟು ಬಿಡುವಿದ್ದರೂ ಜನ ಲೈಬ್ರರಿಯಿಂದ ಪುಸ್ತಕ ತರುವುದನ್ನೇ ಕಡಿಮೆ ಮಾಡಿದರು. ಗಂಡಸರ ನಡಿಗೆಯೂ ನಿಧಾನವಾಯಿತು. ಅಲ್ಲಿ ಅಧ್ಯಯನ ಮಾಡಿದವರು ಇದನ್ನೆಲ್ಲ ಬರೆದಿಟ್ಟಿದ್ದಾರೆ. ಓದಿದಾಗ ನನ್ನದೇ ಕಥೆ ಅನ್ನಿಸಿತು. ಕೆಟ್ಟ ಕೆಲಸವೂ ಕೊಲ್ಲುತ್ತದೆ, ಕೆಲಸ ಇಲ್ಲದಿರುವುದೂ ಕೊಲ್ಲುತ್ತದೆ. ದುಡ್ಡಿದ್ದವರಿಗೆ ನಡುವೆ ಉಸಿರಾಡಲು ಸಮಯ ಸಿಗುತ್ತದೆ, ನಮ್ಮಂಥವರಿಗೆ ಸಿಗುವುದಿಲ್ಲ.

ಪ್ರಶ್ನೆ ಕೇಳಿದವಳು:
ಓದಿ ಸ್ವಲ್ಪ ಹಗುರವಾಯಿತು. ಶಿಫ್ಟ್ ಪಟ್ಟಿ ಒಂದು ವಾರ ಮುಂಚೆ ಕೊಟ್ಟರೂ ಸಾಕು ನನಗೆ. ಕಾಂಟ್ರ್ಯಾಕ್ಟರನ್ನು ಕೇಳಬೇಕಾ, ಕಂಪನಿಯವರನ್ನಾ?

ಕಾರ್ಖಾನೆ ನರ್ಸ್:
ಇಬ್ಬರನ್ನೂ. ಆದರೆ ಒಬ್ಬರೇ ಹೋಗಬೇಡಿ, ನಿಮ್ಮ ಜೊತೆಯವರೆಲ್ಲ ಸಹಿ ಹಾಕಿ ಬರವಣಿಗೆಯಲ್ಲಿ ಕೊಡಿ. ಕೆಲಸ ನಡೆಸುವ ರೀತಿಯನ್ನೇ ಬದಲಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ 2022ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಅದನ್ನೂ ಪತ್ರದಲ್ಲಿ ಬರೆಯಿರಿ.