ರೌಂಡ್ ಬೇಲರ್: ಹುಲ್ಲಿನ ಸುರುಳಿ ಗಟ್ಟಿ ಬರಲು ಏನು ಮಾಡಬೇಕು?

ಪ್ರಶ್ನೆ (ಮಲೇಬೆನ್ನೂರು): ಭತ್ತದ ಹುಲ್ಲನ್ನು ಟ್ರ್ಯಾಕ್ಟರ್ ಎಳೆಯುವ ಬಾಡಿಗೆ ಬೇಲರ್‌ನಲ್ಲಿ ಸುತ್ತಿಸುತ್ತಿದ್ದೇವೆ. ಸುರುಳಿ ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ಟ್ರೇಲರಿಗೆ ಏರಿಸುವಾಗಲೇ ಬಿಚ್ಚಿಕೊಳ್ಳುತ್ತದೆ. ದೋಷ ಮಷಿನ್‌ದೋ, ಓಡಿಸುವುದರದೋ? ತಿಳಿದವರು ಹೇಳಿ.

ಹರಿಹರ: ಬಹುಪಾಲು ಓಡಿಸುವುದರದೇ. ನಮ್ಮ ಗದ್ದೆಗಳಿಗೆ ಬರುವ ಸಣ್ಣ ಬೇಲರ್ ಸುಮಾರು 2 ಅಡಿ ದಪ್ಪ, 3 ಅಡಿ ಉದ್ದದ ಸುರುಳಿ ಮಾಡುತ್ತೆ. ಒಳಗಿನ ಕೋಣೆಯ ಅಳತೆ ಬದಲಾಗಲ್ಲ. ಮುಂದಿನ ಪಿಕಪ್ ಹಲ್ಲು ನೆಲದ ಮೇಲಿನ ಹುಲ್ಲಿನ ಸಾಲನ್ನು ಎತ್ತಿ ಒಳಕ್ಕೆ ಕೊಡುತ್ತೆ, ಸುತ್ತಲಿನ ರೋಲರ್‌ಗಳು ಹುಲ್ಲನ್ನು ಉರುಳಿಸುತ್ತವೆ. ಕೋಣೆ ತುಂಬುವ ತನಕ ಒತ್ತಡವೇ ಬೀಳಲ್ಲ. ತುಂಬಿದ ಮೇಲೆ ನುಗ್ಗುವ ಹುಲ್ಲೇ ಹೊರಪದರವನ್ನು ಬಿಗಿ ಮಾಡುವುದು. ಅದಕ್ಕೇ ನಡುವೆ ಸಡಿಲ, ಹೊರಗೆ ಗಟ್ಟಿ. ಎಕರೆ ಬೇಗ ಮುಗಿಸಬೇಕು ಅಂತ ಒತ್ತಡ ತೋರಿಸುವ ಮುಳ್ಳು ಗುರುತಿಗೆ ಬರುವ ಮುಂಚೆ ಸುರುಳಿ ಕಟ್ಟುವ ದಾರ ಬಿಟ್ಟರೆ ಸುರುಳಿ ಮೆತ್ತಗಾಗದೆ ಇನ್ನೇನು? ಬೆಲ್ಟ್ ಇರುವ ದೊಡ್ಡ ಮಷಿನ್ ಬೇರೆ ಥರ. ಅದರ ಕೋಣೆ ಚಿಕ್ಕದಾಗಿ ಶುರುವಾಗಿ ಹಿಗ್ಗುತ್ತೆ, ಮೊದಲ ಸುತ್ತಿನಿಂದಲೇ ಬಿಗಿ ಸಿಗುತ್ತೆ.

ಒಂದು ತುದಿ ದಪ್ಪ ಅಂದರೆ ಹುಲ್ಲು ಒಂದೇ ಬದಿಯಿಂದ ಹೋಗಿದೆ. ಸಾಲು ಪಿಕಪ್‌ನಷ್ಟೇ ಅಗಲ ಇದ್ದರೆ ನೇರ ಓಡಿಸಿ. ಸಾಲು ಕಿರಿದಾಗಿದ್ದರೆ ಸ್ವಲ್ಪ ದೂರ ಎಡ ಅಂಚಿಗೆ, ಸ್ವಲ್ಪ ದೂರ ಬಲ ಅಂಚಿಗೆ ಹುಲ್ಲು ಕೊಡಿ. ಬರೀ ನಡುವೆಯೇ ಕೊಟ್ಟರೆ ಹೊಟ್ಟೆ ಉಬ್ಬಿ ಮೃದಂಗದ ಹಾಗೆ ಬರುತ್ತೆ, ಅಂಚಿನ ದಾರ ಜಾರುತ್ತೆ. ಪಿಟಿಓ (ಟ್ರ್ಯಾಕ್ಟರಿನಿಂದ ಬೇಲರ್ ತಿರುಗಿಸುವ ಶಾಫ್ಟ್) ನಿಮಿಷಕ್ಕೆ 540 ಸುತ್ತಿನಲ್ಲೇ ಇರಲಿ. ನಿಧಾನ ಬೇಕಿದ್ದರೆ ಗೇರ್ ಇಳಿಸಿ, ಆಕ್ಸಿಲರೇಟರ್ ಇಳಿಸಬೇಡಿ.

ಹೊನ್ನಾಳಿ: ಮೇಲಿನವರು ಹೇಳಿದ್ದು ಸರಿ. ದಾರವನ್ನೂ ನೋಡಿ. ಕೋಣೆ ತುಂಬಿತು ಅನ್ನುವ ಸದ್ದು ಬಂದ ಕೂಡಲೇ ಟ್ರ್ಯಾಕ್ಟರ್ ನಿಲ್ಲಿಸಬೇಕು, ಪಿಟಿಓ ತಿರುಗುತ್ತಲೇ ಇರಬೇಕು. ದಾರ ಈ ತುದಿಯಿಂದ ಆ ತುದಿಗೆ ಸುತ್ತಿ, ಬ್ಲೇಡಿಗೆ ಸಿಕ್ಕು ಕತ್ತರಿಸಿದ ಮೇಲೆಯೇ ಹಿಂಬಾಗಿಲು ಎತ್ತಬೇಕು. ಬ್ಲೇಡ್ ಮೊಂಡಾಗಿದ್ದರೆ ದಾರ ಎಳೆದುಕೊಂಡು ಸುತ್ತು ಸಡಿಲಾಗುತ್ತೆ. ಬಾಗಿಲಿನ ಲಾಕ್ ಸವೆದಿದ್ದರೂ ಕೋಣೆ ಬಾಯಿ ಬಿಟ್ಟು ಬಿಗಿ ಸಿಗಲ್ಲ.

ಚನ್ನಗಿರಿ: ಕಟಾವು ಮಷಿನ್ ಬರುವ ಮುಂಚೆಯೇ ಅದರಲ್ಲಿ ಹುಲ್ಲು ಕತ್ತರಿಸುವ ಚಾಪರ್ ನಿಲ್ಲಿಸೋಕೆ ಹೇಳಿ. ತುಂಡು ಹುಲ್ಲು ಸುತ್ತಿಕೊಳ್ಳಲ್ಲ, ರೋಲರ್ ಸಂದಿಯಿಂದ ಉದುರುತ್ತೆ. ತೀರಾ ಗರಿಗರಿ ಒಣಗಿದ್ದರೂ ಅಷ್ಟೇ, ಸುರುಳಿ ತಿರುಗೋಕೇ ಶುರುವಾಗಲ್ಲ. ಹಸಿ ಸುತ್ತಿದರೆ ಒಳಗೆ ಬಿಸಿಯೇರಿ ಬೂಷ್ಟು ಹಿಡಿದು ದನ ಮೂಸಿಯೂ ನೋಡಲ್ಲ. ತೇವ 15 ರಿಂದ 18 ಪರ್ಸೆಂಟ್ ಒಳಗಿರಲಿ. ಮಳೆಗಾಲದ ಬೆಳೆಯ ಹುಲ್ಲಾದರೆ ಬೆಳಗಿನ ಇಬ್ಬನಿ ಪೂರ್ತಿ ಆರಲಿ.

ಹೊಳಲ್ಕೆರೆ: ಪಿಕಪ್ ಹಲ್ಲು ನೆಲಕ್ಕೆ ತಾಗದಂತೆ ಒಂದೆರಡು ಬೆರಳು ಮೇಲಿರಲಿ, ಇಲ್ಲದಿದ್ದರೆ ಮಣ್ಣು, ಕಲ್ಲು ಮೇವಿಗೆ ಸೇರುತ್ತೆ. ರೋಲರ್ ತುದಿಯ ಬೇರಿಂಗಿಗೆ ಸುತ್ತಿದ ಹುಲ್ಲನ್ನು ದಿನವೂ ಕತ್ತರಿಸಿ ತೆಗೆಯಿರಿ, ಅದು ಕಾದು ಬೆಂಕಿ ಹತ್ತುತ್ತೆ.

ಪ್ರಶ್ನೆ (ಮಲೇಬೆನ್ನೂರು): ಪಿಕಪ್‌ಗೆ ಹುಲ್ಲು ಕಟ್ಟಿಕೊಂಡಾಗ ಹುಡುಗರು ಕೈಯಿಂದ ಎಳೀತಾರೆ. ಪರವಾಗಿಲ್ವಾ?

ಹರಿಹರ: ದಯವಿಟ್ಟು ಬೇಡ ಅಣ್ಣಾ. ಪಿಟಿಓ ಬಿಡಿಸಿ, ಇಂಜಿನ್ ಆಫ್ ಮಾಡಿ, ಕೀಲಿ ಜೇಬಿಗೆ ಹಾಕಿಕೊಂಡೇ ಇಳಿಯಿರಿ. ತಿರುಗುವಾಗ ಹುಲ್ಲು ಹಿಡಿದರೆ ಕೈ ಬಿಡೋಕೂ ಸಮಯ ಸಿಗಲ್ಲ. ಹಿಂಬಾಗಿಲ ಕೆಳಗೆ ಹೋಗುವ ಮುಂಚೆ ಬಾಗಿಲು ಬೀಳದಂತೆ ಸಿಲಿಂಡರ್ ಲಾಕ್ ಹಾಕಿ.