ಯುಕೆಜಿ ಮಗಳಿಗೂ ಅತ್ತೆಗೂ ಒಂದೇ ಟ್ಯಾಬ್: 15 ಸಾವಿರದೊಳಗೆ ಯಾವುದು ತಗೊಳ್ಳೋದು?

ಕೇಳಿದವರು, ದಾವಣಗೆರೆ

ಮಗಳಿಗೆ ಐದು ವರ್ಷ, ಯುಕೆಜಿ. ನನ್ನ ಫೋನ್ ಈಗ ಅವಳದ್ದೇ ಆಗಿಬಿಟ್ಟಿದೆ. ಆಫೀಸಿನ ಕಾಲ್ ಬಂದರೆ ತಾನೇ ಕಟ್ ಮಾಡಿ ವಾಪಸ್ ಕಾರ್ಟೂನ್‌ಗೆ ಹೋಗ್ತಾಳೆ. ಒಂದು ಟ್ಯಾಬ್ ತಂದಿಟ್ಟರೆ ಅವಳಿಗೂ ಆಯ್ತು, ಅಮೆರಿಕದಲ್ಲಿರೋ ಮೈದುನನ ಜೊತೆ ವಿಡಿಯೋ ಕಾಲ್ ಮಾಡೋಕೆ ಅತ್ತೆಗೂ ಆಯ್ತು ಅಂತ ಲೆಕ್ಕ. ಬಜೆಟ್ 15 ಸಾವಿರ. ಆನ್‌ಲೈನ್‌ನಲ್ಲಿ 5 ಸಾವಿರಕ್ಕೇ 12 ಜಿಬಿ ರ‍್ಯಾಮ್ ಅಂತ ತೋರಿಸ್ತಿದೆ, ನಂಬಬಹುದಾ? ‘ಮಕ್ಕಳ ಟ್ಯಾಬ್’ ಅಂತಲೇ ಬರೋದನ್ನ ತಗೋಬೇಕಾ? ಬಳಸಿದವರು ಹೇಳಿ.

ಮೈಸೂರಿನಿಂದ

ಮೊದಲು ಆ 5 ಸಾವಿರದ ಮಾತು. ಹೆಸರೇ ಕೇಳಿರದ ಕಂಪನಿ, ಜೊತೆಗೆ ಪೆನ್ನು, ಕೀಬೋರ್ಡು, ಹೆಡ್‌ಫೋನ್ ಎಲ್ಲ ಫ್ರೀ ಅಂದರೆ ಅಲ್ಲೇ ಬಿಟ್ಟುಬಿಡಿ. 12 ಜಿಬಿ ಅಂತ ಬರೆದಿರುತ್ತಾರೆ, ಒಳಗೆ ನಿಜವಾದ ರ‍್ಯಾಮ್ ನಾಲ್ಕೇ ಇರಬಹುದು. ಮಿಕ್ಕಿದ್ದು ಸ್ಟೋರೇಜಿನಿಂದ ಎರವಲು ಪಡೆದ ‘ವರ್ಚುವಲ್’ ರ‍್ಯಾಮ್. ಇದನ್ನ ಒಳ್ಳೆಯ ಕಂಪನಿಗಳೂ ಜಾಹೀರಾತಲ್ಲಿ ಕೂಡಿಸಿ ಹೇಳ್ತವೆ, ಆದರೆ ಅವು ಬಿಡಿಸಿ ಬರೆದಿರ್ತವೆ. ಡಬ್ಬಿ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗೋ ನೋಂದಣಿ ನಂಬರ್ ಇದೆಯಾ ನೋಡಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿಯ ಯಾವ ವಸ್ತು ಅಂತ ಬರುತ್ತೆ. ಚಾರ್ಜರ್‌ಗೂ ಬೇರೆ ನಂಬರ್ ಇರುತ್ತೆ, ಅದನ್ನೂ ನೋಡಿ. ಮಗು ಹಿಡ್ಕೊಳ್ಳೋ ವಸ್ತು, ಇದೊಂದರಲ್ಲಿ ರಾಜಿ ಬೇಡ.

ನಿಮ್ಮ ಬಜೆಟ್‌ನಲ್ಲಿ ಕನಿಷ್ಠ ಬೇಕಾದ್ದು 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್. 32 ಜಿಬಿ ಟ್ಯಾಬ್‌ನಲ್ಲಿ ಸಿಸ್ಟಮ್ಮೇ ದೊಡ್ಡ ಪಾಲು ತಿಂದಿರುತ್ತೆ. ನಾಲ್ಕು ಗೇಮ್, ಒಂದಷ್ಟು ವಿಡಿಯೋ ಹಾಕೋ ಹೊತ್ತಿಗೆ ‘ಜಾಗ ಇಲ್ಲ’ ಅಂತ ಶುರು. ಮೆಮೊರಿ ಕಾರ್ಡ್ ಹಾಕಬಹುದಲ್ಲ ಅಂತ ಅಂಗಡಿಯವರು ಹೇಳ್ತಾರೆ. ವಿಡಿಯೋ, ಫೋಟೊ ಇಡೋಕೆ ಸರಿ. ಆದರೆ ಎಲ್ಲ ಆ್ಯಪ್‌ಗಳೂ ಕಾರ್ಡಿಗೆ ಹೋಗಲ್ಲ.

ಸೈಜ್ ಬಗ್ಗೆ ಯಾರೂ ಹೇಳಲ್ಲ, ನಾನು ಹೇಳ್ತೀನಿ. ನಮ್ಮ ಮನೇಲಿ ಎರಡು ಇವೆ. ಒಂದು ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ9, 2023ರಲ್ಲಿ ಬಂದದ್ದು, 8.7 ಇಂಚು, 332 ಗ್ರಾಂ. ಇನ್ನೊಂದು ರೆಡ್‌ಮಿ ಪ್ಯಾಡ್ ಎಸ್‌ಇ, 11 ಇಂಚು, 478 ಗ್ರಾಂ. ಕಾಗದದ ಮೇಲೆ ದೊಡ್ಡದೇ ಚೆಂದ: ದೊಡ್ಡ ಸ್ಕ್ರೀನು, 8000 ಎಂಎಎಚ್ ಬ್ಯಾಟರಿ. ಆದರೆ ಮಗ ಮಲಗಿಕೊಂಡು ಎರಡು ಕೈಲಿ ಎತ್ತಿ ಹಿಡೀತಾನೆ, ಹತ್ತು ನಿಮಿಷಕ್ಕೆ ಕೈ ಸೋತು ನೇರ ಮೂಗಿನ ಮೇಲೆ! ದಪ್ಪ ಫೋಮ್ ಕವರ್ ಹಾಕಿದರಂತೂ ತೂಕ ಇನ್ನೂ ಜಾಸ್ತಿ. ಅದಕ್ಕೇ ಚಿಕ್ಕದು ಅವನಿಗೆ, ದೊಡ್ಡದು ಸ್ಟ್ಯಾಂಡ್ ಮೇಲೆ ನಮ್ಮ ತಂದೆಗೆ. ನೀವು ಒಂದೇ ತಗೊಳ್ಳೋದಾದರೆ, ಯಾರು ಜಾಸ್ತಿ ಬಳಸ್ತಾರೆ ಅನ್ನೋದನ್ನ ಮೊದಲು ತೀರ್ಮಾನ ಮಾಡಿ.

ಧಾರವಾಡದಿಂದ

ನೋಡ್ರಿ ಅಕ್ಕಾರ, ನಾ ಬ್ಯಾರೇನ ಹೇಳತೀನಿ. ಕಾರ್ಟೂನ್ ನೋಡಾಕಷ್ಟ ಆದ್ರ ಟ್ಯಾಬ್ ಯಾಕ ಬೇಕ್ರಿ? ಟಿವ್ಯಾಗ ಹಚ್ಚಿಕೊಡ್ರಿ. ದೂರ ಕುಂತು ನೋಡತಾವು, ಏನ್ ನೋಡಾಕತ್ತಾವು ಅಂತ ಅಡಗಿ ಮನಿಗೂ ಕೇಳಸತೈತಿ. ಟ್ಯಾಬ್ ಹಿಡ್ಕೊಂಡು ಮೂಲ್ಯಾಗ ಕುಂತ್ರ ಏನ್ ನಡದೈತಿ ಅಂತ ಯಾರಿಗೂ ಗೊತ್ತಾಗೂದಿಲ್ಲ. ಓದೂದು, ಚಿತ್ರ ತಗಿಯೂದು ಇದ್ರ ಟ್ಯಾಬ್ ತರ್ರಿ, ಬ್ಯಾಡ ಅನ್ನೂದಿಲ್ಲ.

ನ್ಯೂಜೆರ್ಸಿಯಿಂದ

ನಿಮ್ಮ ಮೈದುನ ‘ಇಲ್ಲಿಂದ ಫೈರ್ ಟ್ಯಾಬ್ ಕಳಿಸ್ತೀನಿ’ ಅಂದರೆ ಬೇಡ ಅನ್ನಿ. ನಮ್ಮ ಮಕ್ಕಳಿಗೆ ಇಲ್ಲಿ ಅಮೆಜಾನ್ ಫೈರ್ ಎಚ್‌ಡಿ 8 ಕಿಡ್ಸ್ ಕೊಡಿಸಿದ್ದೀವಿ, ಈ ದೇಶಕ್ಕೆ ಅದು ಒಳ್ಳೆಯ ವಸ್ತು. ಎರಡು ವರ್ಷದೊಳಗೆ ಒಡೆದರೆ ಬೇರೆ ಕೊಡ್ತಾರೆ, ಮಕ್ಕಳ ಪುಸ್ತಕ, ಗೇಮ್ ಇರೋ ಚಂದಾ ಜೊತೆಗೇ ಬರುತ್ತೆ. ಆದರೆ ಪ್ಲೇಸ್ಟೋರ್ ಇಲ್ಲ, ನಮ್ಮೂರ ಆ್ಯಪ್‌ಗಳನ್ನ ಸುಲಭವಾಗಿ ಹಾಕೋಕೆ ಆಗಲ್ಲ. ಅಲ್ಲಿ ಒಡೆದರೆ ಈ ಗ್ಯಾರಂಟಿ ಇಟ್ಕೊಂಡು ಏನು ಮಾಡ್ತೀರಿ?

ಹಾಗಂತ ‘ಮಕ್ಕಳ ಟ್ಯಾಬ್’ ಅನ್ನೋದರಲ್ಲಿ ಬೇರೇನೋ ಜಾದೂ ಇಲ್ಲ. ಸಾಮಾನ್ಯ ಟ್ಯಾಬ್, ಫೋಮ್ ಕವರ್, ಪೋಷಕರ ಲಾಕ್, ಇಷ್ಟೇ. ಆಂಡ್ರಾಯ್ಡ್‌ನಲ್ಲಿ ಮಗುವಿನ ಟ್ಯಾಬನ್ನ ನಿಮ್ಮ ಫೋನಿಂದಲೇ ನಿಯಂತ್ರಿಸೋ ಗೂಗಲ್ ಫ್ಯಾಮಿಲಿ ಲಿಂಕ್ ಆ್ಯಪ್ ಪುಕ್ಕಟೆ ಸಿಗುತ್ತೆ, ಸ್ಯಾಮ್‌ಸಂಗ್‌ನಲ್ಲಿ ಸ್ಯಾಮ್‌ಸಂಗ್ ಕಿಡ್ಸ್ ಅಂತ ಇದೆ. ಕವರ್ ನೀವೇ ಕೊಂಡರಾಯ್ತು.

ಶಿವಮೊಗ್ಗದಿಂದ, ಮೊಬೈಲ್ ರಿಪೇರಿ ಅಂಗಡಿ

ಯಾವ ಬ್ರ್ಯಾಂಡ್ ಅಂತ ಹೇಳಲ್ಲ, ನನ್ನ ಟೇಬಲ್‌ಗೆ ಏನು ಬರುತ್ತೆ ಅಂತ ಹೇಳ್ತೀನಿ. ಮಕ್ಕಳ ಟ್ಯಾಬ್‌ನಲ್ಲಿ ಮೊದಲು ಹೋಗೋದು ಚಾರ್ಜಿಂಗ್ ಪೋರ್ಟ್. ವೈರ್ ಹಾಕಿಕೊಂಡೇ ಆಡ್ತಾರೆ, ಹೊರಳಿದಾಗ ಪಿನ್ ಅಡ್ಡಡ್ಡ ಎಳೆಯುತ್ತೆ, ಸಡಿಲ ಆಗುತ್ತೆ. ಆಮೇಲೆ ‘ಹೀಗೆ ಹಿಡಿದರೆ ಮಾತ್ರ ಚಾರ್ಜ್ ಆಗುತ್ತೆ ಅಣ್ಣ’ ಅಂತ ತರ್ತಾರೆ. ಚಾರ್ಜ್ ಆಗೋವಾಗ ಮಗುವಿಗೆ ಕೊಡಬೇಡಿ, ಇದು ಸೇಫ್ಟಿಗೂ ಒಳ್ಳೇದು.

ಎರಡನೇದು ಡಿಸ್‌ಪ್ಲೇ. ಕೊಳ್ಳೋ ಮೊದಲೇ ನಿಮ್ಮೂರಲ್ಲಿ ಸರ್ವಿಸ್ ಸೆಂಟರ್ ಇದೆಯಾ, ಆ ಮಾಡೆಲ್ಲಿನ ಡಿಸ್‌ಪ್ಲೇ ಎಷ್ಟು ಅಂತ ಒಂದು ಫೋನ್ ಮಾಡಿ ಕೇಳಿ. ಹೆಸರಿಲ್ಲದ ಕಂಪನಿಯದಾದರೆ ಪಾರ್ಟೇ ಸಿಗಲ್ಲ, ಬೆಂಗಳೂರಿನ ಎಸ್‌ಪಿ ರೋಡಲ್ಲಿ ಹುಡುಕಿದರೂ ಕಷ್ಟ. ಟೆಂಪರ್ಡ್ ಗ್ಲಾಸ್ ಜೊತೆಗೆ ಅಂಚು ಸ್ಕ್ರೀನಿಗಿಂತ ಎತ್ತರ ಇರೋ ಕವರ್ ಹಾಕಿಸಿ. ಮಕ್ಕಳ ಕೈಯಿಂದ ಬೀಳೋದು ಬಹುತೇಕ ಮೂಲೆ ಮೇಲೇ.

ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದರೆ ಮಾರುವವರ ಎದುರೇ ರೀಸೆಟ್ ಮಾಡಿಸಿ, ನಿಮ್ಮ ಅಕೌಂಟ್ ಹಾಕಿ ಆನ್ ಆದ ಮೇಲೆ ದುಡ್ಡು ಕೊಡಿ. ಹಳೆಯ ಗೂಗಲ್ ಅಕೌಂಟ್ ತೆಗೆಯದೆ ರೀಸೆಟ್ ಮಾಡಿದ್ದರೆ ಅದೇ ಅಕೌಂಟ್ ಕೇಳ್ತಾ ಕೂರುತ್ತೆ. ಐಪ್ಯಾಡ್‌ನಲ್ಲೂ ಹಾಗೇ. 2021ರ ಒಂಬತ್ತನೇ ತಲೆಮಾರಿನ ಐಪ್ಯಾಡ್ ಒಳ್ಳೇ ಸ್ಥಿತಿಯಲ್ಲಿ ಸಿಕ್ಕರೆ ತಗೋಬಹುದು. ಆದರೆ ಅದರಲ್ಲಿ ಮನೆಯವರಿಗೆ ಒಬ್ಬೊಬ್ಬರಿಗೆ ಒಂದೊಂದು ಯೂಸರ್ ಖಾತೆ ಮಾಡೋಕೆ ಆಗಲ್ಲ. ನಿಮ್ಮದು ಅತ್ತೆಗೂ ಮಗುವಿಗೂ ಒಂದೇ ಅಂತಿದೆಯಲ್ಲ, ಅದಕ್ಕೆ ಹೇಳಿದೆ.

ಪುತ್ತೂರಿನಿಂದ

ನಮ್ಮಲ್ಲಿ ಮಳೆ ಬಂದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ ಮಾರಾಯ್ರೇ. ಹಾಗಾಗಿ ನೆಟ್ ಇಲ್ಲದೆ ಏನು ಓಡ್ತದೆ ಅಂತ ನೋಡುವುದು ನಮಗೆ ಅಭ್ಯಾಸ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ರಾಶಿ ಇವೆ, ಎಲ್ಲ ಪುಕ್ಕಟೆ, ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು. ಹಂತ ಒಂದು, ಎರಡು ಅಂತ ವಿಂಗಡಿಸಿದ್ದಾರೆ; ಯುಕೆಜಿಗೆ ಒಂದನೇ ಹಂತ ಸಾಕು, ಒಂದು ಪುಟಕ್ಕೆ ಒಂದೆರಡೇ ಸಾಲು. ಖಾನ್ ಅಕಾಡೆಮಿ ಕಿಡ್ಸ್ ಅಂತ ಕಲಿಕೆಯ ಆ್ಯಪ್ ಉಂಟು, ಇಂಗ್ಲಿಷಿನದ್ದು, ಆದರೆ ಜಾಹೀರಾತೇ ಇಲ್ಲ. ಸ್ಕ್ರಾಚ್ ಜೂನಿಯರ್ ಚಿತ್ರದ ತುಂಡು ಜೋಡಿಸಿ ಕೋಡಿಂಗ್ ಕಲಿಯುವ ಆ್ಯಪ್, 5ರಿಂದ 7 ವರ್ಷದವರಿಗೆ ಅಂತಲೇ ಮಾಡಿದ್ದು. ನಮ್ಮ ಮಗಳು ಅದರ ಬೆಕ್ಕನ್ನು ನಡೆಸಿ, ಕುಣಿಸಿ, ತನ್ನ ಸ್ವರ ರೆಕಾರ್ಡ್ ಮಾಡಿ ಅದರ ಬಾಯಲ್ಲಿ ತುಳು ಮಾತಾಡಿಸ್ತಾಳೆ.

ಮುಂದೆ ಶಾಲೆಗೆ ಹೋದಾಗ ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡ್ಲಿಕ್ಕೆ ಉಂಟು. ತೀರಾ ಅಗ್ಗದ ಟ್ಯಾಬ್‌ನ ಕ್ಯಾಮೆರಾಕ್ಕೆ ಆಟೋಫೋಕಸ್ ಇರುವುದಿಲ್ಲ, ಹತ್ತಿರ ಹಿಡಿದರೆ ಮಸುಕು, ದೂರ ಹಿಡಿದರೆ ಕೋಡ್ ಸಿಗುವುದಿಲ್ಲ. ಅಂಗಡಿಯಲ್ಲೇ ಯಾವುದಾದರೂ ಸಣ್ಣ ಅಕ್ಷರದ ಮೇಲೆ ಹಿಡಿದು ನೋಡಿ.

ಕೇಳಿದವರು

ತುಂಬಾ ಥ್ಯಾಂಕ್ಸ್. ಎರಡು ಡೌಟು. ಸಿಮ್ ಹಾಕೋದು ತಗೊಳ್ಳಲಾ, ಬರೀ ವೈಫೈ ಸಾಕಾ? ದಿನಕ್ಕೆ ಎಷ್ಟು ಹೊತ್ತು ಕೊಡ್ತೀರಿ, ಅಳು ಬಂದರೆ ಏನು ಮಾಡ್ತೀರಿ?

ಬೆಂಗಳೂರಿನಿಂದ, ಇಬ್ಬರು ಮಕ್ಕಳ ಅಮ್ಮ

ಭಾರತೀಯ ಮಕ್ಕಳ ತಜ್ಞರ ಸಂಘ ಹೇಳೋದು ಇಷ್ಟು: ಎರಡು ವರ್ಷದೊಳಗೆ ಸ್ಕ್ರೀನ್ ಬೇಡವೇ ಬೇಡ, ಅಪರೂಪಕ್ಕೆ ಬಂಧುಗಳ ಜೊತೆ ವಿಡಿಯೋ ಕಾಲ್ ಬಿಟ್ಟು, ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಐದರಿಂದ ಹತ್ತಕ್ಕೆ ಎರಡು ಗಂಟೆಯೊಳಗೆ. ಟಿವಿ, ಫೋನ್ ಎಲ್ಲ ಸೇರಿ ಲೆಕ್ಕ. ನಾವು ಟ್ಯಾಬ್‌ಗೆ 40 ನಿಮಿಷ ಹಾಕಿದ್ದೀವಿ.

ಅಳು ಬರುತ್ತೆ. ನಾನು ಕಿತ್ತುಕೊಂಡರೆ ರಂಪ ಜಾಸ್ತಿ, ಫ್ಯಾಮಿಲಿ ಲಿಂಕ್ ಲಾಕ್ ಮಾಡಿದರೆ ಕಮ್ಮಿ. ಮುಗಿಯೋ ಮುಂಚೆ ಅದೇ ಸೂಚನೆ ಕೊಡುತ್ತೆ, ಆಮೇಲೆ ಪರದೆ ಮುಚ್ಚಿಕೊಳ್ಳುತ್ತೆ. ಚಿಕ್ಕವನು ಟ್ಯಾಬ್‌ಗೇ ಬೈದು ಎದ್ದು ಹೋಗ್ತಾನೆ, ನನ್ನ ಮೇಲೆ ಕೋಪ ಇಲ್ಲ. ಆದರೆ ‘ಇನ್ನು ಹತ್ತು ನಿಮಿಷ’ ಅಂತ ನನ್ನ ಫೋನಿಂದ ಒಂದು ಸಲ ಕೊಟ್ಟೆ ಅನ್ನಿ, ಮಾರನೇ ದಿನದಿಂದ ವಕೀಲಿಕೆ ಶುರು.

ಯೂಟ್ಯೂಬ್ ಬದಲು ಯೂಟ್ಯೂಬ್ ಕಿಡ್ಸ್ ಹಾಕಿ. ಅದರಲ್ಲೂ ಪೋಷಕರು ಒಪ್ಪಿದ್ದು ಮಾತ್ರ ಕಾಣೋ ಸೆಟ್ಟಿಂಗ್ ಇದೆ, ಅದನ್ನ ಆನ್ ಮಾಡಿದರೆ ಹುಡುಕೋ ಜಾಗವೇ ಇರಲ್ಲ. ನೀವು ಕೂತು ಚಾನೆಲ್‌ಗಳನ್ನ ಆರಿಸಬೇಕು, ಒಂದು ಭಾನುವಾರ ಮಧ್ಯಾಹ್ನ ಹೋಗುತ್ತೆ. ಟ್ಯಾಬ್ ಯಾವುದು ಅನ್ನೋದಕ್ಕಿಂತ ಈ ಕೆಲಸವೇ ಮುಖ್ಯ ಅಂತ ನನ್ನ ಅಭಿಪ್ರಾಯ. ಪ್ಲೇಸ್ಟೋರ್‌ಗೆ ಕಾರ್ಡು, ಯುಪಿಐ ಏನೂ ಜೋಡಿಸಬೇಡಿ.

ಮೈಸೂರಿನಿಂದ ಮತ್ತೆ

ಮನೇಲಿ ವೈಫೈ ಇದ್ದರೆ ಸಿಮ್ ಮಾಡೆಲ್‌ಗೆ ಜಾಸ್ತಿ ದುಡ್ಡು ಬೇಡ, ಪ್ರಯಾಣಕ್ಕೆ ಫೋನಿನ ಹಾಟ್‌ಸ್ಪಾಟ್ ಸಾಕು. ಉಳಿದ ದುಡ್ಡನ್ನ ಸ್ಟೋರೇಜ್‌ಗೆ ಹಾಕಿ.

ಅತ್ತೆಯವರ ವಿಚಾರ: ಗ್ಯಾಲಕ್ಸಿ ಟ್ಯಾಬ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಬೇರೆ ಯೂಸರ್ ಮಾಡಬಹುದು. ಬೇರೆ ಕಂಪನಿಯದಾದರೆ ಆ ಆಯ್ಕೆ ಇದೆಯಾ ಅಂತ ಅಂಗಡಿಯಲ್ಲೇ ತೆಗೆಸಿ ನೋಡಿ. ಅವರ ಕಡೆ ಅಕ್ಷರ ದೊಡ್ಡದು ಮಾಡಿ, ಭಾಷೆ ಕನ್ನಡ ಇಟ್ಟು, ಮೊದಲ ಪುಟದಲ್ಲಿ ಎರಡೇ ಐಕಾನ್ ಬಿಡಿ. ವಾಟ್ಸ್ಆ್ಯಪ್ ಅನ್ನು ಅವರ ಫೋನಿಗೆ ಜೋಡಿಸಿ ಬಳಸಬಹುದು, ಹೊಸ ನಂಬರ್ ಬೇಡ. ಆದರೆ ಫೋನಿನಲ್ಲಿ 14 ದಿನ ವಾಟ್ಸ್ಆ್ಯಪ್ ತೆರೆಯದೇ ಇದ್ದರೆ ಟ್ಯಾಬ್ ತಾನಾಗೇ ಲಾಗ್ ಔಟ್ ಆಗುತ್ತೆ. ‘ಕೆಟ್ಟುಹೋಯ್ತು’ ಅಂತ ಅವರು ಹೇಳಿದಾಗ ಮೊದಲು ಅದನ್ನ ನೋಡಿ.

ಮತ್ತೆ ಹಬ್ಬದ ಆಫರ್‌ನಲ್ಲಿ ಕೊಳ್ಳೋದಾದರೆ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಪ್ಯಾಚ್ (ಕಂಪನಿ ಕಳಿಸೋ ಸುರಕ್ಷತೆಯ ಅಪ್‌ಡೇಟ್) ದಿನಾಂಕ ನೋಡಿ. ಅಪ್‌ಡೇಟ್ ಮಾಡಿದ ಮೇಲೂ ವರ್ಷದ ಹಿಂದಿನ ತಾರೀಕೇ ಇದ್ದರೆ ಕಂಪನಿ ಆ ಮಾಡೆಲ್ಲನ್ನ ಕೈಬಿಟ್ಟಿದೆ ಅಂತಲೇ ಲೆಕ್ಕ, ವಾಪಸ್ ಮಾಡೋ ಅವಧಿ ಮುಗಿಯೋದರೊಳಗೆ ಹಿಂದಿರುಗಿಸಿ.