ಅಕ್ಕಾ, ಆ ಪಟ್ಟಿ ಹಳೆಯದು

ಅಕ್ಕಾ, ಕೇಳಿಸುತ್ತಿದೆಯಾ? ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ, ಅದಕ್ಕೇ ವಾಯ್ಸ್. ಇಲ್ಲಿ ನ್ಯೂಜೆರ್ಸಿಯಲ್ಲಿ ರಾತ್ರಿ ಹತ್ತೂವರೆ. ಪಾತ್ರೆ ತೊಳೆಯುತ್ತಾ ಮಾತಾಡುತ್ತಿದ್ದೇನೆ, ಸದ್ದು ಬಂದರೆ ಸಹಿಸಿಕೋ.

ನಿನ್ನೆ ಗ್ರೂಪಿಗೆ ಒಂದು ಪಟ್ಟಿ ಹಾಕಿದೆಯಲ್ಲ, ಅಮೆರಿಕದ ಎಂಐಟಿ ಯೂನಿವರ್ಸಿಟಿಗೆ ನಮ್ಮ ಪುಟ್ಟ ಅರ್ಜಿ ಹಾಕಬೇಕಾದರೆ ಮ್ಯಾತ್ಸ್ ಒಂದು, ಸೈನ್ಸ್ ಒಂದು ಎಸ್‌ಎಟಿ ಸಬ್ಜೆಕ್ಟ್ ಟೆಸ್ಟ್, ಅಂದರೆ ಒಂದೊಂದು ವಿಷಯದ ಪರೀಕ್ಷೆ, ಬರೆಯಲೇಬೇಕು ಅಂತ. ಅದು ಸುಳ್ಳೇನಲ್ಲ, ಹಳಸಿದ್ದು ಅಷ್ಟೇ. ಎಂಐಟಿ 2020ರ ಮಾರ್ಚ್‌ನಲ್ಲೇ ಆ ನಿಯಮ ಕೈಬಿಟ್ಟಿತು. 2021ರ ಜನವರಿಯಲ್ಲಿ ಅದನ್ನು ನಡೆಸುತ್ತಿದ್ದ ಕಾಲೇಜ್ ಬೋರ್ಡ್‌ನವರು ಪರೀಕ್ಷೆಯನ್ನೇ ನಿಲ್ಲಿಸಿದರು. ಹೊರದೇಶದ ಮಕ್ಕಳಿಗೆ ಆ ವರ್ಷದ ಮೇ, ಜೂನ್ ಕೊನೆ. ಯಾರಾದರೂ ಅದರ ಕೋಚಿಂಗ್ ಕೊಡುತ್ತೇನೆ ಅಂದರೆ ಕಾಫಿ ಕೊಟ್ಟು ಕಳಿಸಿಬಿಡು.

ನಮ್ಮ ಮಗಳು ಅದನ್ನು ಬರೆದವಳೇ. ಒಂದು ಗಂಟೆಯ ಪರೀಕ್ಷೆ, 800ಕ್ಕೆ. ಅವಳು ಕೆಮಿಸ್ಟ್ರಿ ಪಾಠ ಮುಗಿಸಿದ್ದು ಜೂನ್‌ನಲ್ಲಿ. ಬೇಸಿಗೆಯಲ್ಲಿ ಚೆನ್ನಾಗಿ ಓದಿಕೊಳ್ಳಲಿ ಅಂತ ನಾನು ಅಕ್ಟೋಬರ್‌ಗೆ ಬರೆಸಿದೆ. ಓದಿದ್ದೆಲ್ಲ ಆ ರಜೆಯಲ್ಲೇ ಆವಿಯಾಗಿತ್ತು. 640 ಬಂತು. ಇವತ್ತಿಗೂ ಆ ಮಾತೆತ್ತಿದರೆ ನನ್ನನ್ನು ಒಂಥರಾ ನೋಡುತ್ತಾಳೆ. ಅಂದಹಾಗೆ ಅದರಲ್ಲಿ ಚೈನೀಸ್, ಕೊರಿಯನ್ ಎಲ್ಲ ಇದ್ದವು. ಕನ್ನಡ ಬಿಡು, ಹಿಂದಿಯೂ ಇರಲಿಲ್ಲ.

ಈಗ ಆ ಜಾಗದಲ್ಲಿ ಇರುವುದು ಎ.ಪಿ. (ಅಡ್ವಾನ್ಸ್ಡ್ ಪ್ಲೇಸ್ಮೆಂಟ್), ಅಂದರೆ ಹೈಸ್ಕೂಲ್ ಮಕ್ಕಳು ಬರೆಯುವ ಕಾಲೇಜು ಮಟ್ಟದ ವಿಷಯವಾರು ಪರೀಕ್ಷೆ. 1ರಿಂದ 5ರವರೆಗೆ ಅಂಕ, ವರ್ಷಕ್ಕೆ ಒಂದೇ ಸಲ, ಮೇ ತಿಂಗಳಲ್ಲಿ. ಫಲಿತಾಂಶ ಜುಲೈನಲ್ಲಿ. ನೀವೆಲ್ಲ ಎಡವುತ್ತಿರುವುದು ಇಲ್ಲೇ. ಪುಟ್ಟ ಅರ್ಜಿ ಹಾಕುವುದು ಸೆಕೆಂಡ್ ಪಿಯುಸಿಯ ನವೆಂಬರ್, ಇಲ್ಲವೇ ಜನವರಿ ಮೊದಲ ವಾರ. ಸೀಟು ಸಿಕ್ಕಿತೋ ಇಲ್ಲವೋ ಅಂತ ಮಾರ್ಚ್ ಕೊನೆಗೆ ಗೊತ್ತಾಗುತ್ತದೆ. ಸೆಕೆಂಡ್ ಪಿಯುಸಿ ಮುಗಿಸಿ ಮೇನಲ್ಲಿ ಎ.ಪಿ. ಬರೆದರೆ ಮದುವೆ ಮುಗಿದ ಮೇಲೆ ಛತ್ರ ಬುಕ್ ಮಾಡಿದ ಹಾಗೆ. ಮೇಲಾಗಿ ಆಗ ಸಿಇಟಿ, ನೀಟ್ ಅಂತ ನಿಮ್ಮ ಮನೆಯಲ್ಲಿ ಜಾತ್ರೆ ಇರುತ್ತದೆ. ಅವನಿಗೆ ಉಪಯೋಗಕ್ಕೆ ಬರುವ ಮೇ ಒಂದೇ, ಈಗ ಓದುತ್ತಿರುವ ಫಸ್ಟ್ ಪಿಯುಸಿ ಮುಗಿದ ಕೂಡಲೇ ಬರುವುದು.

ಹಾಗಾಗಿ ಆ ಹೊತ್ತಿಗೆ ಅವನಿಗೆ ಏನು ಬರುತ್ತದೆ ಅಂತ ಲೆಕ್ಕ ಹಾಕು. ಫಸ್ಟ್ ಪಿಯುಸಿ ಫಿಸಿಕ್ಸ್ ಅಂದರೆ ಬಹುಪಾಲು ಮೆಕ್ಯಾನಿಕ್ಸ್ ತಾನೇ? ನ್ಯೂಟನ್ ನಿಯಮ, ಕೆಲಸ, ಶಕ್ತಿ, ತಿರುಗುವ ವಸ್ತುಗಳು. ಎ.ಪಿ. ಫಿಸಿಕ್ಸ್ 1 ಹತ್ತಿರ ಹತ್ತಿರ ಅದೇ, ಕ್ಯಾಲ್ಕುಲಸ್ ಬೇಡ. ಫಿಸಿಕ್ಸ್ ಸಿ ಮೆಕ್ಯಾನಿಕ್ಸ್ ಕೂಡ ಅದೇ ಪಾಠ, ಆದರೆ ಕ್ಯಾಲ್ಕುಲಸ್ ಹಾಕಿ ಕೇಳುತ್ತಾರೆ. ಎಂಜಿನಿಯರಿಂಗ್ ಅಂತ ಗಟ್ಟಿಯಾಗಿದ್ದರೆ ನನ್ನ ಓಟು ಫಿಸಿಕ್ಸ್ ಸಿಗೆ. ಮ್ಯಾತ್ಸ್‌ನಲ್ಲಿ ಕಷ್ಟ ಇದೆ. ಎ.ಪಿ. ಕ್ಯಾಲ್ಕುಲಸ್ ಎಬಿಯ ಮುಖ್ಯ ಭಾಗವಾದ ಇಂಟಿಗ್ರೇಷನ್ ನಿಮ್ಮಲ್ಲಿ ಬರುವುದೇ ಸೆಕೆಂಡ್ ಪಿಯುಸಿಯಲ್ಲಿ. ಮೊದಲೇ ತಾನಾಗಿ ಕಲಿಯಬೇಕು. ಕ್ಯಾಲ್ಕುಲಸ್ ಬಿ.ಸಿ. ಪರೀಕ್ಷೆಯಲ್ಲಿ ಅದರ ಮೇಲೆ ಅನಂತ ಶ್ರೇಣಿ ಬೇರೆ ಇದೆ. ಅದು ಸುಮ್ನೆ ಬೇಡ. ಕೆಮಿಸ್ಟ್ರಿಯನ್ನೂ ಬಿಡು, ಪಾಠ ಅರ್ಧ ಮಾತ್ರ ಆಗಿರುತ್ತದೆ. ಫಿಸಿಕ್ಸ್, ಕ್ಯಾಲ್ಕುಲಸ್ ಎಬಿ, ಈ ಎರಡು ಸಾಕು. ಐದು ಬರೆದು 3 ತೆಗೆಯುವುದಕ್ಕಿಂತ ಒಂದೇ ಬರೆದು 5 ತೆಗೆದರೂ ನನಗೆ ಖುಷಿ. ಎ.ಪಿ. ಇಲ್ಲ ಅಂತ ಎಂಐಟಿಯವರೇನೂ ಅರ್ಜಿ ಎಸೆಯುವುದಿಲ್ಲ.

ಎಸ್‌ಎಟಿ ಮಾತ್ರ, ಅಂದರೆ ಇಂಗ್ಲಿಷ್, ಗಣಿತದ ಮುಖ್ಯ ಪರೀಕ್ಷೆ, ಹಾಗಲ್ಲ. ಎಂಐಟಿ 2022ರಲ್ಲಿ ಮತ್ತೆ ಕಡ್ಡಾಯ ಮಾಡಿತು. ಹಾರ್ವರ್ಡ್, ಕ್ಯಾಲ್ಟೆಕ್ 2024ರಲ್ಲಿ ಅದೇ ದಾರಿ ಹಿಡಿದವು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಮಾತ್ರ ಉಲ್ಟಾ: ಪ್ರವೇಶಕ್ಕೆ ಎಸ್‌ಎಟಿ ನೋಡುವುದೇ ಇಲ್ಲ, ಎ.ಪಿ. ಅಂಕ ನೋಡುತ್ತಾರೆ. ಎಸ್‌ಎಟಿಯಲ್ಲಿ ಗಣಿತ ಅವನಿಗೆ ಎಡಗೈ ಕೆಲಸ. ಇಂಗ್ಲಿಷ್ ಓದುವುದೇ ಜಾಸ್ತಿ ಅಭ್ಯಾಸ ಬೇಕಾದದ್ದು.

ಇನ್ನೊಂದು. ಅವನ ಕಾಲೇಜಿನಲ್ಲಿ ಎ.ಪಿ. ಇಲ್ಲ, ಆದರೂ ಬರೆಯಬಹುದು. ಹೊರಗಿನ ಮಕ್ಕಳನ್ನು ಕೂರಿಸಿಕೊಳ್ಳುವ ಕೇಂದ್ರ ಹುಡುಕಬೇಕು. ಮೈಸೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನಲ್ಲಿ ವಿಚಾರಿಸು. ದಸರಾ ಮುಗಿಯಲಿ ಅನ್ನಬೇಡ, ಈ ವಾರವೇ ಫೋನ್ ಮಾಡು.

ಭಾನುವಾರ ಪುಟ್ಟನ ಹತ್ತಿರ ಫೋನ್ ಮಾಡಿಸು. ಅವನೇ ಮಾತಾಡಲಿ, ನೀನಲ್ಲ. ಫಿಸಿಕ್ಸ್ ಪುಸ್ತಕ ಪಕ್ಕದಲ್ಲಿ ಇಟ್ಟುಕೊಂಡಿರಲಿ.